ಸವಾಯಿ ಗಂಧರ್ವರ ಭೈರವಿ ನನಗೆ ಬದಲಾಗುತ್ತಾ ಬಂದ ಬಗೆ

ಹರೆಯದಲ್ಲಿ ಮೆಚ್ಚಿದ ಸಂಗೀತ ವಯಸ್ಸಾದ ಮೇಲೂ ಅದೇ ಅರ್ಥ ಕೊಡುತ್ತದೆಯೇ, ಇಲ್ಲವಾದರೆ ಹಳೆಯ ಅರ್ಥ ಮರಳಿ ಸಿಕ್ಕೀತೇ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಅರ್ಥ ಬದಲಾಗುತ್ತದೆ. ಇದನ್ನು ಪರೀಕ್ಷಿಸಲು ಕಛೇರಿಗಿಂತ ಹಳೆಯ ಧ್ವನಿಮುದ್ರಿಕೆಯೇ ಮೇಲು, ಏಕೆಂದರೆ ಅದರಲ್ಲಿ ಒಂದು ಸ್ವರವೂ ಕದಲುವುದಿಲ್ಲ.

ಪುಣೆಯಲ್ಲಿ ನೆಲೆಸಿದ ಧಾರವಾಡ ಸೀಮೆಯವರಿಗೆ ಅಂಥದೊಂದು ಮುದ್ರಿಕೆ ಚೆನ್ನಾಗಿ ಗೊತ್ತು. ಹಿಂದೂಸ್ತಾನಿ ಗಾಯಕ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡ ಮರುವರ್ಷ ಅವರ ಶಿಷ್ಯ ಭೀಮಸೇನ ಜೋಶಿಯವರು ಇಲ್ಲಿ ಆರಂಭಿಸಿದ ಸಂಗೀತೋತ್ಸವವನ್ನು ಗುರುಗಳದೇ ಕಂಠದ ‘ಬಿನ ದೇಖೇ ಪಡೇ ನಹೀ ಚೈನ’ ಎಂಬ ಭೈರವಿ ರಾಗದ ಠುಮ್ರಿಯ (ಭಾವಪ್ರಧಾನವಾದ ಲಘು ಶಾಸ್ತ್ರೀಯ ಹಾಡಿನ) ಮುದ್ರಿಕೆಯೊಂದಿಗೆ ಮುಗಿಸುವ ವಾಡಿಕೆಯಿದೆ. ಕಂಡಲ್ಲದೆ ನೆಮ್ಮದಿಯಿಲ್ಲವೆನ್ನುವ ವಿರಹದ ಹಾಡು ಅದು.

ಉದ್ಯೋಗಕ್ಕೆಂದು ಪುಣೆಗೆ ಬಂದ ಹೊಸತರಲ್ಲಿ, ಉತ್ಸವ ಇನ್ನೂ ಅಹೋರಾತ್ರಿ ನಡೆಯುತ್ತಿದ್ದ ಕಾಲದಲ್ಲಿ, ನನಗೆ ಅದರಲ್ಲಿ ಕೇಳಿಸಿದ್ದು ಅಭಿಮಾನವೊಂದೇ. ರಮಣಬಾಗ್ ಶಾಲೆಯ ಮೈದಾನದಲ್ಲಿ ಅಷ್ಟೊಂದು ಮರಾಠಿ ಜನ ಉಸಿರು ಬಿಗಿಹಿಡಿದು ಆಲಿಸುತ್ತಿರುವುದು ನಮ್ಮ ಕಡೆಯವರ ದನಿಯನ್ನು ಎಂಬ ಹಿಗ್ಗಿನಲ್ಲಿ ಹಾಡಿನ ವಿರಹ ನನ್ನನ್ನು ಮುಟ್ಟಲೇ ಇಲ್ಲ. ಮುಂದೆ, ಪಾರ್ಶ್ವವಾಯು ಬಡಿದು ಸವಾಯಿ ಗಂಧರ್ವರ ಗಾಯನವೇ ನಿಂತುಹೋಗಿತ್ತೆಂದು ಓದಿದ ಮೇಲೆ, ಮೂರೇ ನಿಮಿಷ ಹಿಡಿಸುವ ಆ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಅವರು ಎಲ್ಲಿಯೂ ಅವಸರಪಡದಿರುವುದು ಗಮನಕ್ಕೆ ಬಂತು.

ಆದರೆ ಹಾಡು ನಿಜವಾಗಿ ಬೇರೆಯದೇ ಆದದ್ದು 2008ರಿಂದ 2011ರವರೆಗಿನ ಅವಧಿಯಲ್ಲಿ. ಮೊದಲು ಫಿರೋಜ್ ದಸ್ತೂರ್, ಮರುವರ್ಷ ಗಂಗೂಬಾಯಿ ಹಾನಗಲ್, ಕೊನೆಗೆ ಭೀಮಸೇನರು ಹೋದರು. ಗುರುವಿನೆದುರು ಕುಳಿತು ಆ ದನಿಯಿಂದಲೇ ಕಲಿತ ಹಿರಿಯ ಶಿಷ್ಯರು ಹೀಗೆ ಒಬ್ಬೊಬ್ಬರಾಗಿ ಇಲ್ಲವಾದಾಗ, ಪ್ರಿಯತಮನಿಗಾಗಿ ಹಂಬಲಿಸುವ ಸಾಲು ನನಗೆ ಶಿಷ್ಯರು ಗುರುವಿಗಾಗಿ ಹಂಬಲಿಸುವ ಸಾಲಾಗಿ ಕೇಳಿಸತೊಡಗಿತು. ಅಷ್ಟು ಹೊತ್ತಿಗೆ ನನ್ನ ತಂದೆಯೂ ತೀರಿಕೊಂಡಿದ್ದರು. ಅದೂ ಇದರೊಳಗೆ ಸೇರಿರಬೇಕು.

ನೆನಪುಗಳೇ ಸಂಗೀತಕ್ಕೆ ಅರ್ಥ ತುಂಬುತ್ತವೆ ಎನ್ನುವವರ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಕಾಲೇಜಿನ ದಿನಗಳಲ್ಲಿ ಹುಚ್ಚು ಹಿಡಿಸಿದ್ದ ಎಷ್ಟೋ ಚಿತ್ರಗೀತೆಗಳು ಇಂದಿಗೂ ನನ್ನನ್ನು ಆ ದಿನಗಳಿಗೆ ಕರೆದೊಯ್ಯುತ್ತವೆ, ಆದರೆ ಹೊಸದಾಗಿ ಏನನ್ನೂ ಹೇಳುವುದಿಲ್ಲ. ನೆನಪು ಅವಕ್ಕೂ ಇದೆ. ಕೇಳುವವನ ಬದುಕು ಬೆಳೆದಷ್ಟೂ ಇಂಬು ಕೊಡುವ ಗುಣ ಸಂಗೀತದಲ್ಲಿಯೇ ಇರಬೇಕು. ಈ ಭೈರವಿಯಲ್ಲಿ ಅದು ಇದೆ.

ಹಳೆಯ ಅರ್ಥ ಮರಳುವುದೇ ಎಂಬುದಕ್ಕೆ ನನ್ನ ಉತ್ತರ, ಇಲ್ಲ. ಆ ಹಿಗ್ಗನ್ನು ಮತ್ತೆ ಅನುಭವಿಸಬೇಕೆಂದು ಪ್ರಯತ್ನಪಟ್ಟು ಕೇಳಿದ್ದೇನೆ. ನಮ್ಮ ಕಡೆಯವರೆಂಬ ಪ್ರೀತಿ ಈಗಲೂ ಇದೆಯಾದರೂ, ಅವರಿಲ್ಲವೆಂಬ ಅರಿವೇ ಅದಕ್ಕಿಂತ ಮೊದಲು ಬಂದುಬಿಡುತ್ತದೆ.