ನಿಮ್ಮ ತಾತನ ಸೂಪರ್ 8 ಪ್ರೊಜೆಕ್ಟರಿಗೆ ಬಲ್ಬ್ ಸಿಗುತ್ತೆ
ನಮಸ್ಕಾರ. 8 ಮಿ.ಮೀ. ಅಗಲದ ಮನೆ ಸಿನಿಮಾ ರೀಲು ತೋರಿಸುವ ನಿಮ್ಮ ತಾತನ ಪ್ರೊಜೆಕ್ಟರಿನಲ್ಲಿ ಸುಟ್ಟುಹೋದ ಹ್ಯಾಲೊಜೆನ್ ಬಲ್ಬಿನ ಮೇಲೆ 12 ವೋಲ್ಟ್, 100 ವ್ಯಾಟ್, ಇಎಫ್‌ಪಿ (ಬಲ್ಬಿನ ಮಾದರಿಯ ಸಂಕೇತ) ಅಂತ ಇದೆ, ಇದು ಈಗಲೂ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತೆ. ಎಂಡೋಸ್ಕೋಪಿ, ಸೂಕ್ಷ್ಮದರ್ಶಕದ ಲೈಟ್ ಪೆಟ್ಟಿಗೆಗಳಲ್ಲಿ ಇದೇ ಬಲ್ಬ್ ಬಳಸುತ್ತಾರೆ. ಹಾಗಾಗಿ ಕ್ಯಾಮೆರಾ ಅಂಗಡಿ ಅಲೆಯಬೇಡಿ, ವೈದ್ಯಕೀಯ ಉಪಕರಣ ಮಾರುವವರನ್ನು ಕೇಳಿ. ಓಸ್ರಾಮ್ ಕಂಪನಿಯದಾದರೆ ನಂಬರ್ 64627.

ಅಂಗಡಿಯವರು ಇಎಫ್‌ಆರ್ ಕೊಟ್ಟರೆ ಬೇಡ ಅನ್ನಿ. ಅದು 15 ವೋಲ್ಟ್, 150 ವ್ಯಾಟಿನದು. ಪಿನ್ನು ಒಂದೇ ಥರ ಇರೋದರಿಂದ ಸಲೀಸಾಗಿ ಕೂತುಬಿಡುತ್ತೆ, ಆದರೆ ನಿಮ್ಮ ಮೆಷಿನ್ನಿನ 12 ವೋಲ್ಟಿನಲ್ಲಿ ಮಂಕಾಗಿ, ಹಳದಿಯಾಗಿ ಉರಿಯುತ್ತೆ. ಮನೆಯ ಸೀಲಿಂಗಿಗೆ ಹಾಕುವ ಹ್ಯಾಲೊಜೆನ್ ಕೂಡ ಆಗಲ್ಲ. ಇಎಫ್‌ಪಿಯ ರಿಫ್ಲೆಕ್ಟರ್ ಬೆಳಕನ್ನೆಲ್ಲ ಫಿಲ್ಮಿನ ಆ ಪುಟ್ಟ ಕಿಂಡಿಗೇ ಕೂಡಿಸುತ್ತೆ. ಸೀಲಿಂಗಿನದು ಕೋಣೆಗೆಲ್ಲ ಚೆಲ್ಲುತ್ತೆ.

ಹೊಸ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಹಾಳಾಗುತ್ತೆ.

ಎಲ್‌ಇಡಿ ಹಾಕಿದರೆ ಬಿಸಿ ಕಡಿಮೆ, ನಿಜ. ಆದರೆ ಹ್ಯಾಲೊಜೆನ್ನಿನ ಬೆಚ್ಚನೆ ಬೆಳಕಲ್ಲಿ ಕೊಡಾಕ್ರೋಮ್ ಅನ್ನೋ ಹಳೆಯ ಬಣ್ಣದ ಫಿಲ್ಮಿನ ಕೆಂಪು ಹೊಳೆಯೋದನ್ನು ಒಮ್ಮೆ ನೋಡಿ, ಆಮೇಲೆ ತೀರ್ಮಾನಿಸಿ. ನನಗಂತೂ ಅದರ ಮುಂದೆ ಬೇರೆ ಯಾವುದೂ ಹಿಡಿಸಿಲ್ಲ!

ಮನೆಯ ರೀಲನ್ನು ಮೊದಲಿಗೇ ಹಾಕಬೇಡಿ. ಪ್ರೊಜೆಕ್ಟರಿನ ಬೆಲ್ಟ್ ಸಡಿಲವಾಗಿದ್ದು ಫಿಲ್ಮ್ ಕಿಂಡಿಯಲ್ಲಿ ನಿಂತುಬಿಟ್ಟರೆ ಅಲ್ಲಿರುವ ಚಿತ್ರದ ಚೌಕ ಬಲ್ಬಿನ ಬಿಸಿಗೆ ಕಣ್ಣೆದುರೇ ಕರಗುತ್ತೆ. ಬೇಡದ ಫಿಲ್ಮ್ ತುಂಡೊಂದನ್ನು ಓಡಿಸಿ ಪರೀಕ್ಷಿಸಿ. ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೆಡುತ್ತಿದೆ ಅಂತ ಅರ್ಥ, ಆ ರೀಲನ್ನು ಓಡಿಸಲೇಬೇಡಿ, ಬೇರೆ ರೀಲುಗಳಿಂದ ದೂರ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ತಾತ ತೆಗೆದ ಚಿತ್ರಕ್ಕೆ ಇನ್ನೊಂದು ಪ್ರತಿ ಇರಲ್ಲ.