ಡಿಸ್ಕಿನ ಹೆಸರಿನ ಕೊನೆಗೆ ‘1’ ಅಂಟಿಕೊಂಡಿದ್ದೇಕೆ?

ಪ್ರಶ್ನೆ: ನಮ್ಮ ಫೋಟೊ ಸ್ಟುಡಿಯೊದ ಉಬುಂಟು ಕಂಪ್ಯೂಟರಿನಲ್ಲಿ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಹೆಸರಿನಲ್ಲಿ ಓಡುವ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ನಡೆಸುವ ವ್ಯವಸ್ಥೆ) ಸ್ಕ್ರಿಪ್ಟ್ ಪ್ರತಿ ರಾತ್ರಿ ಚಿತ್ರಗಳನ್ನು ಯುಎಸ್‌ಬಿ ಹಾರ್ಡ್‌ಡಿಸ್ಕಿಗೆ ನಕಲು ಮಾಡುತ್ತದೆ. ಈಚೆಗೆ ಆ ಡಿಸ್ಕ್ ‘ಬ್ಯಾಕಪ್’ (BACKUP) ಬದಲು ‘ಬ್ಯಾಕಪ್1’ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತಿದೆ. ಒಳಗಿನ ಎಸ್‌ಎಸ್‌ಡಿ ಬೇರೆ ತುಂಬಿಹೋಗಿದೆ. ಹೆಸರು ಹೇಗಿಡಬೇಕು?

ಉತ್ತರ: ಎರಡು ತೊಂದರೆಗೂ ಮೂಲ ಒಂದೇ. ಡಿಸ್ಕ್ ಚುಚ್ಚಿದಾಗ ಯುಡಿಸ್ಕ್ಸ್ (ಡಿಸ್ಕುಗಳನ್ನು ತಾನೇ ತೆರೆದುಕೊಡುವ ಸೇವೆ) ಅದರ ಲೇಬಲ್, ಅಂದರೆ ನಾವಿಟ್ಟ ಹೆಸರು, ನೋಡಿ, ‘ಮೀಡಿಯಾ’ದಡಿ ನಿಮ್ಮ ಬಳಕೆದಾರ ಹೆಸರಿನ ಫೋಲ್ಡರಿನೊಳಗೆ ಅದೇ ಹೆಸರಿನ ಡೈರೆಕ್ಟರಿ ಮಾಡುತ್ತದೆ. ಲೇಬಲ್ ಇಲ್ಲದಿದ್ದರೆ ಯುಯುಐಡಿಯೇ (ಫಾರ್ಮ್ಯಾಟ್ ಮಾಡುವಾಗ ಬೀಳುವ ಗುರುತಿನ ಸಂಖ್ಯೆ) ಹೆಸರು. ಆ ಹೆಸರಿನ ಡೈರೆಕ್ಟರಿ ಮೊದಲೇ ಇದ್ದರೆ ಕೊನೆಗೆ 1 ಸೇರಿಸುತ್ತದೆ. ಒಂದು ರಾತ್ರಿ ಡಿಸ್ಕ್ ಚುಚ್ಚಿರಲಿಲ್ಲ; ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲಿ ತಾನೇ ‘ಬ್ಯಾಕಪ್’ ಡೈರೆಕ್ಟರಿ ಸೃಷ್ಟಿಸಿ ಎಸ್‌ಎಸ್‌ಡಿಗೇ ಸುರಿದಿದೆ. ಅಂದಿನಿಂದ ಡಿಸ್ಕಿಗೆ ‘ಬ್ಯಾಕಪ್1’ ಗತಿ, ಸ್ಕ್ರಿಪ್ಟ್ ಮಾತ್ರ ಎಸ್‌ಎಸ್‌ಡಿಯ ‘ಬ್ಯಾಕಪ್’ಗೇ ಸುರಿಯುತ್ತಿದೆ. (ಲಿನಕ್ಸಿನ ಇನ್ನೊಂದು ಬಗೆಯಾದ ಫೆಡೋರಾದಲ್ಲಾದರೆ ಈ ಜಾಗ ‘ರನ್’ ಅಡಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿರುತ್ತದೆ, ರೀಬೂಟ್ ಆದರೆ ಅಳಿಯುತ್ತದೆ. ಉಬುಂಟುವಿನಲ್ಲಿ ಉಳಿದೇಬಿಡುತ್ತದೆ.)

ಡಿಸ್ಕ್ ಕಿತ್ತು, ಹಳೆಯ ‘ಬ್ಯಾಕಪ್’ನಲ್ಲಿರುವುದನ್ನು ಬೇರೆಡೆ ಸಾಗಿಸಿದ ಮೇಲೆಯೇ ಅದನ್ನು ಅಳಿಸಿ. ಆ ದಿನಗಳ ನಕಲು ಇರುವುದು ಅಲ್ಲಿ ಮಾತ್ರ.

ಆಮೇಲೆ ಒಂದು ಕಟ್ಟುನಿಟ್ಟು: ಲೇಬಲ್ ಮನುಷ್ಯರಿಗೆ, ಯುಯುಐಡಿ ಸ್ಕ್ರಿಪ್ಟಿಗೆ. ‘ಮೀಡಿಯಾ’ದ ಹಾದಿಯನ್ನು ಸ್ಕ್ರಿಪ್ಟಿನಲ್ಲಿ ಬರೆಯಲೇಬೇಡಿ. ‘ಎಸ್‌ಡಿಬಿ1’ ಎಂಬಂಥ ಸಾಧನದ ಹೆಸರೂ ಬೇಡ, ಅದು ಚುಚ್ಚಿದ ಸರದಿಗೆ ತಕ್ಕಂತೆ ಬದಲಾಗುತ್ತದೆ. ‘ಎಲ್‌ಎಸ್‌ಬಿಎಲ್‌ಕೆ -ಎಫ್’ (lsblk -f) ಆದೇಶ ಕೊಟ್ಟು ಯುಯುಐಡಿ ತಿಳಿದುಕೊಂಡು, ‘ಎಫ್‌ಎಸ್‌ಟ್ಯಾಬ್’ನಲ್ಲಿ (ಯಾವ ಡಿಸ್ಕ್ ಎಲ್ಲಿ ತೆರೆಯಬೇಕೆಂದು ಬರೆದಿಡುವ fstab ಕಡತ) ‘ಎಂಎನ್‌ಟಿ’ (/mnt) ಅಡಿಯ ಒಂದು ಖಾಯಂ ಡೈರೆಕ್ಟರಿಗೆ ಅದನ್ನು ಕಟ್ಟಿ. ಆಯ್ಕೆಗಳು: ನೋಆಟೊ (ಬೂಟ್ ವೇಳೆ ತಾನಾಗಿ ತೆರೆಯಬೇಡ), ನೋಫೇಲ್ (ಡಿಸ್ಕಿಲ್ಲದಿದ್ದರೂ ಬೂಟ್ ನಿಲ್ಲಿಸಬೇಡ). ಎರಡನ್ನೂ ಬಿಟ್ಟರೆ, ಡಿಸ್ಕಿಲ್ಲದ ದಿನ ಬೂಟ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿಗೆ (ದುರಸ್ತಿಗಷ್ಟೇ ಆಗುವ ಸ್ಥಿತಿ) ಬೀಳುತ್ತದೆ.

ಸ್ಕ್ರಿಪ್ಟ್ ಮೊದಲು ‘ಮೌಂಟ್‌ಪಾಯಿಂಟ್ -ಕ್ಯೂ’ (mountpoint -q) ಕೇಳಲಿ, ಅಂದರೆ ಆ ಡೈರೆಕ್ಟರಿಗೆ ಡಿಸ್ಕ್ ಜೋಡಣೆ (ಮೌಂಟ್) ಆಗಿದೆಯೇ ಎಂದು, ಇಲ್ಲವೆಂದರೆ ತಾನೇ ಮೌಂಟ್ ಮಾಡಲಿ, ಅದೂ ಆಗದಿದ್ದರೆ ಅಲ್ಲಿಗೇ ನಿಲ್ಲಲಿ. ಇನ್ನೊಂದು ಬೀಗವೂ ಇದೆ: ಡಿಸ್ಕ್ ಇಲ್ಲದಾಗ ಆ ಖಾಲಿ ಡೈರೆಕ್ಟರಿಗೆ ‘ಸಿಎಚ್‌ಆಟರ್ +ಐ’ (chattr +i, ಬದಲಾವಣೆ ತಡೆಯುವ ಗುರುತು) ಹಾಕಿಡಿ. ಮೌಂಟ್ ಆಗದ ಹೊತ್ತಿನಲ್ಲಿ ರೂಟ್ ಕೂಡ ಅದರಲ್ಲಿ ಬರೆಯಲಾಗದು. ಮೌಂಟ್ ಆದಮೇಲೆ ಯಾವ ಅಡ್ಡಿಯೂ ಇಲ್ಲ.

ಕೈಯಿಂದ ಕೈಗೆ ಓಡಾಡುವ ಪೆನ್‌ಡ್ರೈವ್‌ಗಳಿಗೆ ಲೇಬಲ್ಲೇ ಸಾಕು. ‘MADUVE-03’ರಂತೆ ಕೆಲಸ ಮತ್ತು ಕ್ರಮಸಂಖ್ಯೆ ಇರಲಿ, ಅದನ್ನೇ ಡ್ರೈವಿನ ಮೈಮೇಲೂ ಬರೆಯಿರಿ. ಸ್ಪೇಸ್ ಬೇಡ, ಉದ್ಧರಣ ಚಿಹ್ನೆ ಮರೆತ ಸ್ಕ್ರಿಪ್ಟ್ ಒಂದು ಹಾದಿಯನ್ನು ಎರಡೆಂದು ಓದುತ್ತದೆ. ಫ್ಯಾಟ್32 ಫಾರ್ಮ್ಯಾಟಿನಲ್ಲಿ 11 ಅಕ್ಷರಕ್ಕೆ ಮಿತಿ, ಅದೂ ಇಂಗ್ಲಿಷ್ ದೊಡ್ಡಕ್ಷರವಾದರೆ ಕ್ಷೇಮ. ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟಿನಲ್ಲಿ ಕನ್ನಡ ಲೇಬಲ್ ನಡೆಯುತ್ತದೆ, ಆದರೆ ಮಿತಿ 16 ಬೈಟ್. ಕನ್ನಡದ ಒಂದೊಂದು ವ್ಯಂಜನಕ್ಕೂ ಗುಣಿತದ ಚಿಹ್ನೆಗೂ ಒತ್ತಿನ ವಿರಾಮ ಚಿಹ್ನೆಗೂ (್) 3 ಬೈಟ್ ಬೇಕು. ‘ಬ್ಯಾಕಪ್’ ಎಂದು ಕನ್ನಡದಲ್ಲಿ ಬರೆದರೇ 21, ಹಿಡಿಸದು. ‘ಚಿತ್ರ’ 15, ‘ಚಿತ್ರ1’ ಸರಿಯಾಗಿ 16. ಹತ್ತನೆಯ ಡಿಸ್ಕ್ ಕೊಂಡ ದಿನ ಬೇರೆ ಹೆಸರು ಹುಡುಕಬೇಕು.