ಹಳೆಯ ಮೈಸೂರು ಸಿಲ್ಕ್ ಸೀರೆಯಿಂದ ಹಾಲ್‌ಗೆ ಫ್ಯಾಷನ್ ಶೋ ಮೆರುಗು ಕೊಡಬಹುದೇ?

ಕೊಡಬಹುದು, ಒಂದೇ ಕಿಟಕಿಗೆ. ಎಲ್ಲ ಕಡೆ ಜರಿ ತೂಗಿಸಿದರೆ ಮನೆ ಮದುವೆ ಛತ್ರದಂತಾಗುತ್ತದೆ. 5.5 ಮೀಟರ್ ಸೀರೆಯಲ್ಲಿ 7 ಅಡಿ ಎತ್ತರದ ಎರಡು ಪರದೆ ಬರುತ್ತವೆ: ಮೇಲೆ 4, ಕೆಳಗೆ 6 ಇಂಚು ಮಡಿಕೆ ಸೇರಿ ತಲಾ 94 ಇಂಚು. ಕಿಟಕಿ 4 ಅಡಿಗಿಂತ ಅಗಲವಿದ್ದರೆ ನೆರಿಗೆ ತೆಳುವಾಗಿ ಬಡಕಲು ಕಾಣುತ್ತದೆ. ಮೈಸೂರು ಸಿಲ್ಕ್ ಕ್ರೇಪ್, ಅಂದರೆ ಹುರಿ ಹಾಕಿದ ನೂಲಿನ, ಜಗ್ಗುವ ಬಟ್ಟೆ. ಕತ್ತರಿಸಿ ಒಂದು ರಾತ್ರಿ ನೇತುಹಾಕಿ, ಆಮೇಲಷ್ಟೇ ಕೆಳಗಿನ ಮಡಿಕೆ ಹೊಲಿಸಿ.

ಹತ್ತಿಯ ಲೈನಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಮೈಸೂರಿನ ಏಪ್ರಿಲ್ ಬಿಸಿಲಿಗೆ ರೇಷ್ಮೆ ಬಣ್ಣಗೆಟ್ಟು, ನೆರಿಗೆಯ ಗೆರೆಯಲ್ಲೇ ಹರಿಯುತ್ತದೆ. ಪಶ್ಚಿಮದ ಕಿಟಕಿಯಂತೂ ಬೇಡ. ಲೈನಿಂಗನ್ನು ಮೊದಲು ನೀರಿಗೆ ಹಾಕಿ ಒಣಗಿಸಿ, ಇಲ್ಲವಾದರೆ ಮುಂದೆ ಅದು ಕುಗ್ಗಿ ರೇಷ್ಮೆಯನ್ನೂ ಎಳೆಯುತ್ತದೆ.

ಉಳಿದ ಸೆರಗಿನಲ್ಲಿ 16 ಇಂಚಿನ ಎರಡು ಕುಶನ್‌ಗಳ ಮುಂಭಾಗ. ಹಿಂದೆ ಕಪ್ಪು ವೆಲ್ವೆಟ್. ಬಲ್ಬ್ 2700 ಕೆಲ್ವಿನ್‌ನದು, ಅಂದರೆ ಬೆಚ್ಚನೆಯ ಹಳದಿ ಬೆಳಕಿನದು ಇರಲಿ, ಬಿಳಿ ಟ್ಯೂಬ್‌ಲೈಟಿನಲ್ಲಿ ಜರಿ ಕಳೆಗುಂದುತ್ತದೆ.